ಫ್ರೆಂಚ್ ಡಿಫೆನ್ಸ್: ಡಿ4 ಪಾನ್ ಹೊಡೆದೆ, ರಾಣಿ ಹೋಯಿತು

ಪ್ರಶ್ನೆ
ನಿನ್ನೆ ಚೆಸ್ ಟೂರ್ನಮೆಂಟಿನ ನಾಲ್ಕನೇ ಸುತ್ತಿನಲ್ಲಿ ನನಗೆ ಕಪ್ಪು ಬಂತು. ಮೂರು ವರ್ಷದಿಂದ ಆಡುತ್ತಿರುವ ಫ್ರೆಂಚನ್ನೇ (ಬಿಳಿಯ ಇ4ಗೆ ಇ6 ಎಂದು ಉತ್ತರಿಸುವ ಆರಂಭ) ಆಡಿದೆ. ಎದುರಾಳಿ ಮೂರನೇ ನಡೆಗೇ ಪಾನನ್ನು (ಕಾಲಾಳನ್ನು) ಇ5 ಮನೆಗೆ ತಳ್ಳಿದರು. ನಾನು ಪಾನ್ ಸಿ5, ಕುದುರೆ ಸಿ6, ರಾಣಿ ಬಿ6 ಅಂತ ಡಿ4 ಮೇಲೆ ಒತ್ತಡ ಹಾಕುತ್ತಾ ಹೋದೆ. ಅವರು ಬಿಷಪ್ಪನ್ನು ಡಿ3ಗೆ ತಂದರು. ಡಿ4ರಲ್ಲಿ ಒಂದೊಂದು ಪಾನ್ ಹೋಯಿತು.

ಆಮೇಲೆ ಎಣಿಸಿದೆ. ಅಲ್ಲಿ ಉಳಿದ ಪಾನ್ ಮೇಲೆ ನನ್ನ ಕುದುರೆ ಮತ್ತು ರಾಣಿ. ಕಾಯುವುದಕ್ಕೆ ಅವರ ಎಫ್3 ಕುದುರೆ ಒಂದೇ. ಹನ್ನೆರಡು ನಿಮಿಷ ಯೋಚಿಸಿ ಕುದುರೆಯಲ್ಲಿ ಹೊಡೆದೆ. ಅವರೂ ಕುದುರೆಯಲ್ಲೇ ಹೊಡೆದರು, ನಾನು ರಾಣಿಯಲ್ಲಿ ಹೊಡೆದೆ. ಬಿಷಪ್ ಬಿ5ಗೆ ಬಂದು ಚೆಕ್! ಅದು ಸರಿದ ಜಾಗದ ಹಿಂದೆ, ಡಿ1ರಲ್ಲಿ, ಅವರ ರಾಣಿ. ನಾನು ಚೆಕ್ ತಪ್ಪಿಸಲೇಬೇಕು, ಅಷ್ಟರಲ್ಲಿ ಅದು ನನ್ನ ರಾಣಿಯನ್ನು ಹೊಡೆಯುತ್ತದೆ. ಸ್ಕೋರ್‌ಶೀಟಿನಲ್ಲಿ ಆ ನಡೆ ಬರೆಯುವಾಗ ಕೈ ನಡುಗಿತು. ಡಿ4 ಮೇಲೆ ಒತ್ತಡ ಹಾಕುವುದೇ ತಪ್ಪಾ?

ಉತ್ತರ 1
ಒತ್ತಡ ಸರಿಯಾಗೇ ಇದೆ, ಒಂದು ನಡೆ ಅವಸರ ಆಯಿತು ಅಷ್ಟೇ. ಏಳನೇ ನಡೆಗೆ ನಿಮ್ಮ ಸಿ8 ಬಿಷಪ್ಪನ್ನು ಡಿ7ಗೆ ಇಡಿ. ಆಗ ಬಿ5ರಿಂದ ಚೆಕ್ ಆಗುವುದಿಲ್ಲ. ಅವರ ಬಿಷಪ್ ಸರಿದರೆ ನೀವೇ ಅವರ ರಾಣಿಯನ್ನು ಹೊಡೆಯಬಹುದು. ಇ6 ಪಾನ್ ಹಿಂದೆ ಸಿಕ್ಕಿಕೊಂಡಿದೆ ಅಂತ ಎಲ್ಲರೂ ಬೈಯುವ ಬಿಷಪ್ ಅಲ್ವಾ ಅದು? ಇಲ್ಲಿ ಒಂದೇ ಮನೆ ಸರಿದು ಇಡೀ ಆಟ ಉಳಿಸುತ್ತದೆ. ನನಗೆ ಫ್ರೆಂಚ್ ಇಷ್ಟವಾಗಿದ್ದೇ ಈ ನಡೆಯಿಂದ.

ಉತ್ತರ 2
ಡಿ7 ಆದ ಮೇಲೂ ಹುಷಾರು. ಅವರು ಕ್ಯಾಸಲಿಂಗ್ (ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸುವುದು) ಮಾಡಿ ಡಿ4 ಪಾನನ್ನು ಬೇಕಂತಲೇ ಬಿಟ್ಟುಕೊಡಬಹುದು. ಅದೇ ಮಿಲ್ನರ್-ಬ್ಯಾರಿ ಗ್ಯಾಂಬಿಟ್. ನೀವು ಹೊಡೆದ ಮೇಲೆ ಅವರ ಇನ್ನೊಂದು ಕುದುರೆ ಸಿ3ಗೆ ಬರುತ್ತದೆ. ನಾನೊಮ್ಮೆ ಆಸೆಬಿದ್ದು ಇ5 ಪಾನನ್ನೂ ತಿಂದೆ. ಆನೆ ಇ1ಗೆ ಬಂತು, ಕುದುರೆ ಬಿ5ಗೆ ಹಾರಿತು, ನನ್ನ ರಾಜ ಕೊನೆಯವರೆಗೂ ನಡುವಿನಲ್ಲೇ ಉಳಿದ. ಈಗ ಮೊದಲು ಎ6 ಆಡಿ ಬಿ5 ಮನೆ ಮುಚ್ಚುತ್ತೇನೆ.

ಫ್ರೆಂಚ್ ಮಾತ್ರ ಬಿಡಬೇಡಿ. ಬೊಟ್ವಿನ್ನಿಕ್, ಪೆಟ್ರೋಸಿಯನ್ ಅಂಥ ವಿಶ್ವ ಚಾಂಪಿಯನ್ನರು ನಂಬಿ ಆಡಿದ ಡಿಫೆನ್ಸ್ ಇದು.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಥ್ಯಾಂಕ್ಸ್. ಈಗಷ್ಟೇ ಬೋರ್ಡ್ ಮೇಲೆ ಇಟ್ಟು ನೋಡಿದೆ. ಎ6 ಆದ ಮೇಲೆ ಅವರು ಇ5 ಕಾಯಲು ರಾಣಿಯನ್ನು ಇ2ಗೆ ತಂದರೆ, ನನ್ನ ಜಿ8 ಕುದುರೆಯನ್ನು ಇ7ಗೆ ಇಡಬಹುದಾ?

ಉತ್ತರ 2
ಇಡಿ. ಅಲ್ಲಿಂದ ಸಿ6ಗೆ ತನ್ನಿ. ಅವರು ಎಫ್4 ತಳ್ಳಿದರೆ ಬಿ4ಗೆ ಹಾರಿ ಆ ಡಿ3 ಬಿಷಪ್ಪನ್ನೇ ಹಿಡಿಯಿರಿ.