ಉಣುಗಿನಿಂದ ಬರುವ ಚುಕ್ಕೆ ಜ್ವರ: ರಕ್ತದ ಕಲ್ಚರಿನಲ್ಲಿ ರೋಗಾಣು ಏಕೆ ಸಿಗುವುದಿಲ್ಲ?

ಪ್ರಶ್ನೆ: ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ, ಚಳ್ಳಕೆರೆ

ಎಲ್ಲರಿಗೂ ನಮಸ್ಕಾರ. ಕುರಿಮಂದೆಯ ಜೊತೆ ರಜೆಯಲ್ಲಿ ಭದ್ರಾ ಅಚ್ಚುಕಟ್ಟಿನ ಕಡೆಗೆ ಹೋಗಿ ಬಂದ ನಮ್ಮ ಶಾಲೆಯ ಹುಡುಗನೊಬ್ಬನಿಗೆ ವಿಪರೀತ ಜ್ವರ ಬಂತು. ಮೂರನೆಯ ದಿನ ಮಣಿಕಟ್ಟು ಮತ್ತು ಕಣಕಾಲುಗಳ ಬಳಿ ಎದ್ದ ಕೆಂಪು ಚುಕ್ಕೆಗಳು ಅಂಗೈ, ಅಂಗಾಲುಗಳಿಗೂ ಹರಡಿದವು. ದಾವಣಗೆರೆಯ ವೈದ್ಯರು ಯಾವ ವರದಿಗೂ ಕಾಯದೆ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಕೊಟ್ಟರು. ಎರಡು ದಿನಗಳಲ್ಲಿ ಜ್ವರ ಇಳಿಯಿತು. ಆದರೆ ರಕ್ತದ ಕಲ್ಚರಿನಲ್ಲಿ (ರಕ್ತವನ್ನು ಪೋಷಕ ದ್ರವದಲ್ಲಿಟ್ಟು ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆಯಲ್ಲಿ) ಏನೂ ಬೆಳೆಯಲಿಲ್ಲ, ಇಂಥ ಜ್ವರಕ್ಕೆ ಮಾಡುವ ವೈಲ್-ಫೆಲಿಕ್ಸ್ ರಕ್ತಪರೀಕ್ಷೆಯೂ ನೆಗೆಟಿವ್ ಬಂತು. ಇದು ಬ್ಯಾಕ್ಟೀರಿಯಾದ ಕಾಯಿಲೆಯೇ ಆಗಿದ್ದರೆ ಹೀಗೇಕಾಯಿತು? ಮಂಗನ ಕಾಯಿಲೆಗೂ ಇದಕ್ಕೂ ಸಂಬಂಧವಿದೆಯೇ?

ಉತ್ತರ: ಸೂಕ್ಷ್ಮಾಣುಜೀವಶಾಸ್ತ್ರ ಬೋಧಕ, ದಾವಣಗೆರೆ

ಮೇಡಂ, ವೈದ್ಯರು ಕಾಯದೇ ಇದ್ದದ್ದು ಬಹಳ ಒಳ್ಳೆಯದಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2015ರ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ.

ನಮ್ಮ ದೇಶದಲ್ಲಿ ಈ ಜ್ವರಕ್ಕೆ ಮುಖ್ಯ ಕಾರಣವೆಂದು ಗುರುತಿಸಿರುವ ರಿಕೆಟ್ಸಿಯಾ ಗುಂಪಿನ ಬ್ಯಾಕ್ಟೀರಿಯಾ ರಿಕೆಟ್ಸಿಯಾ ಕೊನೊರಿಯೈ ಜೀವಂತ ಕೋಶದ ಒಳಗೆ ಮಾತ್ರ ಬೆಳೆಯಬಲ್ಲದು. 2001ರಲ್ಲಿ ಇದರ ಸಂಪೂರ್ಣ ಜೀನೋಮ್ (ಜೀನುಗಳಿರುವ ಇಡೀ ಡಿಎನ್ಎ) ಪ್ರಕಟವಾದಾಗ ಅದರ ಉದ್ದ ಸುಮಾರು 12.7 ಲಕ್ಷ ಬೇಸ್ ಜೋಡಿಗಳೆಂದು ತಿಳಿಯಿತು. ನಮ್ಮ ಕರುಳಿನ ಇ. ಕೋಲೈಗೆ ಹೋಲಿಸಿದರೆ ಇದು ಕಾಲುಭಾಗಕ್ಕಿಂತ ತುಸು ಹೆಚ್ಚು, ಅಷ್ಟೇ. ಗ್ಲೂಕೋಸನ್ನು ಒಡೆದು ಶಕ್ತಿ ಪಡೆಯುವ ವ್ಯವಸ್ಥೆಯೇ ಇಲ್ಲದಿರುವುದರಿಂದ ಇದು ತಾನು ಹೊಕ್ಕ ಕೋಶದ ಎಟಿಪಿಯನ್ನು, ಅಂದರೆ ಕೋಶಕ್ಕೆ ಶಕ್ತಿ ಒದಗಿಸುವ ಅಣುವನ್ನು, ಎಳೆದುಕೊಂಡು ಬದುಕುತ್ತದೆ. ಕಲ್ಚರ್ ಬಾಟಲಿಯಲ್ಲಿ ಪೋಷಕಾಂಶಗಳಿದ್ದರೂ ಹೊಕ್ಕು ಬೆಳೆಯಲು ಕೋಶಗಳಿರುವುದಿಲ್ಲ. 1938ರಲ್ಲಿ ಹೆರಾಲ್ಡ್ ಕಾಕ್ಸ್ ಭ್ರೂಣವಿರುವ ಕೋಳಿಮೊಟ್ಟೆಯ ಹಳದಿ ಚೀಲದಲ್ಲಿ ರಿಕೆಟ್ಸಿಯಾಗಳನ್ನು ಬೆಳೆಸುವ ವಿಧಾನವನ್ನು ತೋರಿಸಿದರು. ಈಗ ಪ್ರಯೋಗಾಲಯದಲ್ಲಿ ಬೆಳೆಸಿದ, ಕೋತಿಯ ಮೂತ್ರಪಿಂಡದ ವೀರೋ ಕೋಶಗಳನ್ನು ಬಳಸುತ್ತಾರೆ, ಆದರೆ ಅದಕ್ಕೆ ಮೂರನೆಯ ಹಂತದ ಜೈವಿಕ ಸುರಕ್ಷತೆಯ ಪ್ರಯೋಗಾಲಯ ಬೇಕು.

ಇನ್ನೊಂದು ಕಾರಣವೂ ಇದೆ. ಸಣ್ಣ ರಕ್ತನಾಳಗಳ ಒಳಪದರದ ಕೋಶಗಳೇ ಇದರ ನೆಲೆ. ಒಂದು ಕೋಶದೊಳಗಿನ ಆಕ್ಟಿನ್ ಪ್ರೋಟೀನನ್ನು ತನ್ನ ಹಿಂದೆ ಬಾಲದಂತೆ ಕಟ್ಟಿಕೊಂಡು, ಅದರ ಒತ್ತಡದಿಂದ ಪಕ್ಕದ ಕೋಶಕ್ಕೆ ನುಗ್ಗುತ್ತದೆ. ಹಾನಿಗೊಂಡ ನಾಳದಿಂದ ರಕ್ತ ಸೋರಿದಲ್ಲಿ ಚುಕ್ಕೆ ಮೂಡುತ್ತದೆ. ಹರಿಯುವ ರಕ್ತದಲ್ಲಿ ರೋಗಾಣು ವಿರಳವಾಗಿರುವುದರಿಂದ, ಪಿಸಿಆರ್ (ರೋಗಾಣುವಿನ ಡಿಎನ್ಎ ಹುಡುಕುವ ಪರೀಕ್ಷೆ) ಮಾಡುವುದಾದರೆ ಚುಕ್ಕೆಯಿರುವ ಚರ್ಮದ ಚೂರಿನಲ್ಲಿ ಸಿಗುವ ಸಾಧ್ಯತೆ ಹೆಚ್ಚು.

ವೈಲ್-ಫೆಲಿಕ್ಸ್ 1916ರ ಪರೀಕ್ಷೆ. ಇದು ಪ್ರೋಟಿಯಸ್ ಎಂಬ ಬೇರೊಂದು ಬ್ಯಾಕ್ಟೀರಿಯಾದ ಪ್ರತಿಜನಕವನ್ನು ಬಳಸಿ ಪ್ರತಿಕಾಯಗಳನ್ನು (ರೋಗಾಣುವಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನುಗಳನ್ನು) ಪರೋಕ್ಷವಾಗಿ ಗುರುತಿಸುತ್ತದೆ, ಮತ್ತು ಆ ಪ್ರತಿಕಾಯಗಳು ಮೊದಲ ವಾರದಲ್ಲಿ ಸಾಮಾನ್ಯವಾಗಿ ಕಾಣಿಸುವುದೇ ಇಲ್ಲ. ಪ್ರತಿಕಾಯಗಳನ್ನು ಹೊಳೆಯುವ ಬಣ್ಣದಿಂದ ತೋರಿಸುವ, ನಂಬಬಹುದಾದ ಇಮ್ಯುನೊಫ್ಲೋರಸೆನ್ಸ್ ಪರೀಕ್ಷೆಗೆ ಎರಡರಿಂದ ನಾಲ್ಕು ವಾರಗಳ ಅಂತರದ ಎರಡು ಮಾದರಿಗಳು ಬೇಕು, ಎರಡನೆಯದರಲ್ಲಿ ಪ್ರತಿಕಾಯದ ಪ್ರಮಾಣ ನಾಲ್ಕು ಪಟ್ಟು ಏರಿರಬೇಕು. ಅಷ್ಟು ದಿನ ಔಷಧಿ ತಡೆದರೆ ಮಗುವಿನ ಜೀವಕ್ಕೇ ಅಪಾಯ. ಪೆನಿಸಿಲಿನ್ ಗುಂಪಿನ ಔಷಧಿಗಳು ಇದಕ್ಕೆ ನಾಟುವುದಿಲ್ಲ. ಡಾಕ್ಸಿಸೈಕ್ಲಿನ್‌ನಿಂದ ಮಕ್ಕಳ ಹಲ್ಲು ಕಲೆಯಾಗುತ್ತದೆಂದು ಹೆದರುವವರಿದ್ದಾರೆ. ಕೆಲವೇ ದಿನಗಳ ಚಿಕಿತ್ಸೆಯಲ್ಲಿ ಹಾಗಾಗುವುದಿಲ್ಲವೆಂದು ಅಧ್ಯಯನಗಳು ತೋರಿಸಿವೆ.

ಉತ್ತರ: ಪಶುವೈದ್ಯ, ಹಿರಿಯೂರು

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯೂ ಉಣುಗಿನಿಂದಲೇ ಬರುತ್ತದೆ, ಆದರೆ ಅದು ವೈರಸ್. ಡಾಕ್ಸಿಸೈಕ್ಲಿನ್ ಅದಕ್ಕೆ ಮದ್ದಲ್ಲ.

ದಯವಿಟ್ಟು ಕುರಿಗಾಹಿ ಮಕ್ಕಳಿಗೆ ಒಂದು ವಿಷಯ ಹೇಳಿ ಮೇಡಂ. ಕುರಿಯ ಕಿವಿಯಿಂದ ಕಿತ್ತ ಉಣುಗನ್ನು ಹೆಬ್ಬೆರಳ ಉಗುರುಗಳ ನಡುವೆ ಪಟ್ಟೆಂದು ಒತ್ತಿ ಸಾಯಿಸುವುದು ನಮ್ಮ ಕಡೆ ರೂಢಿ. ಅದರೊಳಗಿನ ದ್ರವ ಬೆರಳಿನ ಗಾಯಕ್ಕೆ ತಾಗಿದರೂ ಸೋಂಕು ತಗಲಬಹುದು. ಮೈಗೆ ಕಚ್ಚಿದ ಉಣುಗನ್ನು ಸುಡಬಾರದು. ಚಿಮುಟದಿಂದ ಚರ್ಮಕ್ಕೆ ಅಂಟಿದಂತೆ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಬೇಕು. ಮಂದೆ ಕಾಯುವ ನಾಯಿಯನ್ನೂ ನೋಡಿಕೊಳ್ಳಿ, ಏಕೆಂದರೆ ಕೊನೊರಿಯೈಯನ್ನು ಹರಡುವ ಕಂದು ಉಣುಗು ಮುಖ್ಯವಾಗಿ ನಾಯಿಯ ಮೇಲೇ ಬದುಕುತ್ತದೆ.

ಮರುಪ್ರಶ್ನೆ: ಶಿಕ್ಷಕಿ, ಚಳ್ಳಕೆರೆ

ಇಬ್ಬರಿಗೂ ಕೃತಜ್ಞತೆಗಳು. ನಮ್ಮ ಭಾಗದ ಉಣುಗುಗಳನ್ನು ಸಂಗ್ರಹಿಸಿ ಕಳುಹಿಸಿದರೆ ಸಂಶೋಧನೆಗೆ ಉಪಯೋಗವಾದೀತೇ?

ಉತ್ತರ: ಪ್ರಾಣಿಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ, ಚಿತ್ರದುರ್ಗ

ಖಂಡಿತ ಆಗುತ್ತದೆ ಅಕ್ಕಾ, ಆದರೆ ಈ ಕೆಲಸಕ್ಕೆ ಮಕ್ಕಳನ್ನು ಹಚ್ಚಬೇಡಿ. ಎಲ್ಲ ರಿಕೆಟ್ಸಿಯಾಗಳಲ್ಲೂ ಇರುವ ಜಿಎಲ್‌ಟಿಎ ಜೀನನ್ನು ಮೊದಲು ಹುಡುಕಿ, ಸಿಕ್ಕವುಗಳಲ್ಲಿ ಚುಕ್ಕೆ ಜ್ವರದ ಗುಂಪನ್ನು ಒಎಂಪಿಎ ಜೀನಿನಿಂದ ಬೇರ್ಪಡಿಸುತ್ತಾರೆ. ಹಾಗೆ ಡಿಎನ್‌ಎ ಸಿಕ್ಕ ಮಾತ್ರಕ್ಕೆ ಆ ಉಣುಗು ರೋಗ ಹರಡುತ್ತದೆಂದು ಹೇಳಲಾಗದು: ಅದು ಕುಡಿದ ಕುರಿಯ ರಕ್ತದಲ್ಲಿದ್ದದ್ದಿರಬಹುದು, ಇಲ್ಲವೇ ಉಣುಗಿನೊಳಗೇ ನೆಲೆಸಿ ಯಾರಿಗೂ ಕೇಡು ಮಾಡದ ರಿಕೆಟ್ಸಿಯಾ ಇರಬಹುದು. ಆದ್ದರಿಂದ ಪ್ರಾಣಿಗಳ ಮೈಯಿಂದ ತೆಗೆದವುಗಳ ಜೊತೆಗೆ, ಬಿಳಿ ಫ್ಲಾನೆಲ್ ಬಟ್ಟೆಯನ್ನು ಹುಲ್ಲಿನ ಮೇಲೆ ಎಳೆದಾಗ ಹತ್ತುವ, ಹಸಿದ ಉಣುಗುಗಳೂ ಬೇಕು. ಎರಡನ್ನೂ ಬೇರೆ ಬೇರೆ ಸೀಸೆಗಳಲ್ಲಿ, 70 ಪ್ರತಿಶತ ಎಥನಾಲಿನಲ್ಲಿ ಹಾಕಿಡಿ. ಸ್ಥಳ, ದಿನಾಂಕ, ಯಾವ ಪ್ರಾಣಿ ಎಂಬುದನ್ನು ಪೆನ್ಸಿಲಿನಲ್ಲಿ ಬರೆದ ಚೀಟಿಯನ್ನು ಸೀಸೆಯ ಒಳಗೇ ಹಾಕಿ. ಪೆನ್ನಿನ ಶಾಯಿ ಎಥನಾಲಿನಲ್ಲಿ ಕರಗಿಹೋಗುತ್ತದೆ.