ಪದಚರ್ಚೆ: ಜೋಕಾಲಿಯನ್ನು ‘ಹಂಚಿಕೊಳ್ಳುವುದು’ ಹೇಗೆ?

ಗೆಳೆಯರೇ, ನಮಸ್ಕಾರ.

ನಾಲ್ಕೈದು ವರ್ಷದ ಮಕ್ಕಳಿಗಾಗಿ ಒಂದು ಚಿತ್ರಪುಸ್ತಕ ಬರೆಯುತ್ತಿದ್ದೇನೆ. ಒಂದು ಕರಡಿ, ಒಂದು ಅಳಿಲು, ಒಂದು ಮೊಲ, ಒಂದು ಕಾಗೆ. ಕೊಟ್ಟು ತಿನ್ನುವುದನ್ನು, ಒಬ್ಬರಿಗೊಬ್ಬರು ಆಗುವುದನ್ನು ಇವು ಕಲಿಯುವ ಕತೆ. ಪುಟಕ್ಕೆ ಒಂದೋ ಎರಡೋ ವಾಕ್ಯ ಅಷ್ಟೇ. ಒಂದು ಪದ ಎಡವಿದರೂ ಇಡೀ ಪುಟ ಕೆಡುತ್ತದೆ. ನಾನು ಸಿಕ್ಕಿಕೊಂಡಿರುವುದು ಇಂಗ್ಲಿಷಿನವರು ‘ಶೇರ್’ ಎನ್ನುವ ಕಡೆ.

ಕರಡಿಗೆ ಹಲಸಿನ ಹಣ್ಣು ಸಿಗುತ್ತದೆ. ‘ಎಲ್ಲವೂ ತೊಳೆಗಳನ್ನು ಹಂಚಿಕೊಂಡವು’ ಎಂದು ಬರೆದೆ. ತೊಂದರೆ ಇಲ್ಲ. ಮುಂದಿನ ಪುಟದಲ್ಲಿ ಆಲದ ಬಿಳಲಿನ ಜೋಕಾಲಿ. ಅಳಿಲು ಹತ್ತಿ ಕೂತರೆ ಇಳಿಯುವುದೇ ಇಲ್ಲ. ಕೊನೆಗೆ ಅದರ ಮನಸ್ಸು ಕರಗುತ್ತದೆ. ಅಲ್ಲೂ ‘ಜೋಕಾಲಿಯನ್ನು ಹಂಚಿಕೊಂಡವು’ ಎಂದೇ ಬರೆದಿದ್ದೆ. ಓದಿ ಹೇಳಿದಾಗ ಅಕ್ಕನ ಮಗಳು ಕೇಳಿದಳು: ‘ಜೋಕಾಲೀನ ಕತ್ತರಿಸಿಬಿಟ್ವಾ?’

ಅವಳು ಕೇಳಿದ್ದು ಸರಿಯಾಗಿಯೇ ಇದೆ. ಹಂಚಬೇಕಾದರೆ ವಸ್ತು ತುಂಡಾಗಬೇಕು, ಇಲ್ಲವೇ ಎಣಿಸಿ ಕೊಡುವಂತಿರಬೇಕು. ಹಣ್ಣು, ಕಡಲೆಕಾಯಿ, ಪ್ರಸಾದ, ಬೇಕಾದರೆ ಮನೆಕೆಲಸ. ಒಂದೇ ವಸ್ತುವನ್ನು ಒಬ್ಬರಾದ ಮೇಲೆ ಒಬ್ಬರು ಬಳಸುವುದಕ್ಕೆ ನಮ್ಮಲ್ಲಿ ಬೇರೆಯೇ ಮಾತಿದೆ. ಸರದಿ. ಉತ್ತರ ಕರ್ನಾಟಕದಲ್ಲಿ ಪಾಳಿ. ‘ಈಗ ಮೊಲದ ಸರದಿ’ ಎಂದರೆ ಮಗುವಿಗೆ ತಕ್ಷಣ ಚಿತ್ರ ಕಣ್ಣಿಗೆ ಬರುತ್ತದೆ. ಊರಿನ ಮಕ್ಕಳು ಈಗ ‘ನನ್ನ ಟರ್ನ್’, ‘ನನ್ನ ಚಾನ್ಸ್’ ಎನ್ನುವುದೇ ಜಾಸ್ತಿ, ಗೊತ್ತು. ಅದಕ್ಕೇ ಪುಸ್ತಕದಲ್ಲಾದರೂ ಸರದಿ ಅವರ ಕಿವಿಗೆ ಬೀಳಲಿ ಎಂದು ಆಸೆ.

‘ಹಂಚಿಕೊಳ್ಳು’ ಎನ್ನುವುದರಲ್ಲಿ ಇನ್ನೊಂದು ತೊಡಕೂ ಇದೆ. ಮೊಬೈಲಿನಲ್ಲಿ ಫೋಟೊ ಹಂಚಿಕೊಂಡು ಹಂಚಿಕೊಂಡು ಆ ಪದ ನಮಗೆ ಹಿತವಾಗಿಬಿಟ್ಟಿದೆ. ಆದರೆ ‘ಅಣ್ಣತಮ್ಮಂದಿರು ಹೊಲ ಹಂಚಿಕೊಂಡರು’ ಎಂದು ನೋಡಿ. ಅಲ್ಲಿ ಪ್ರೀತಿ ಎಲ್ಲಿದೆ? ಒಲೆ ಬೇರೆಯಾಯಿತು ಎಂದೇ ಅರ್ಥ. ‘ಮನೆ ಪಾಲಾಯಿತು’ ಎಂದರೂ ಅಷ್ಟೇ. ಗಾದೆಯಲ್ಲಿ ಇರುವುದು ‘ಹಂಚಿ ಉಂಡರೆ ಹಸಿವಿಲ್ಲ’ ಎಂದು, ‘ಹಂಚಿಕೊಂಡು’ ಎಂದಲ್ಲ. ‘ಕೊಳ್ಳು’ ಸೇರಿದ ಕೂಡಲೇ ‘ನನಗೆಷ್ಟು’ ಎನ್ನುವುದು ಸ್ವಲ್ಪ ಒಳಗೆ ಬರುತ್ತದೆ ಎಂದು ನನಗೆ ಅನಿಸುತ್ತದೆ. ನಿಮಗೂ ಹಾಗೆ ಕೇಳುತ್ತದೆಯೇ?

ಪಾಲು ಎನ್ನುವ ಪದ ಮಾತ್ರ ನನಗೆ ತುಂಬಾ ಇಷ್ಟ. ಹಳಗನ್ನಡದ ‘ಪಾಲ್’ ಇಂದು ಹಾಲು. ಭಾಗ ಎನ್ನುವ ಅರ್ಥದ ಪಾಲು ಪಕಾರವನ್ನು ಬಿಡದೆ ಹಾಗೇ ಉಳಿದಿದೆ. ‘ಹಾಲಲ್ಲಿ ಬೆಕ್ಕಿಗೂ ಪಾಲು’ ಎಂದರೆ ಮಕ್ಕಳ ಬಾಯಲ್ಲಿ ಎಷ್ಟು ಚೆನ್ನಾಗಿ ಕುಣಿಯುತ್ತದೆ! ಇದೊಂದು ಸಾಲಿಗಾಗಿ ಕತೆಯೊಳಕ್ಕೆ ಬೆಕ್ಕನ್ನು ಕರೆತರಲೂ ತಯಾರಿದ್ದೇನೆ.

ಕಾಗೆಯ ಪುಟಕ್ಕೆ ದಾರಿ ತೋರಿಸಿದ್ದು ಬಸವಣ್ಣ. ‘ಕಾಗೆಯೊಂದಗುಳ ಕಂಡಡೆ ಕರೆಯದೆ ತನ್ನ ಬಳಗವನು?’ ಎಂಬ 12ನೇ ಶತಮಾನದ ಸಾಲು ನೆನಪಿದೆ ಅಲ್ವಾ? ಅದರಲ್ಲಿ ಹಂಚುವ ಮಾತೇ ಇಲ್ಲ. ಇರುವುದು ಕರೆಯುವುದು. ಸಿಕ್ಕಿದ್ದು ಒಂದು ಅಗುಳು. ಅದನ್ನು ಹೇಗೆ ಪಾಲು ಮಾಡುವುದು ಎಂದು ಯೋಚಿಸುವ ಮೊದಲೇ ಕಾಗೆ ಕೂಗಿಬಿಡುತ್ತದೆ. ಹಾಗಾಗಿ ನನ್ನ ಪುಟದಲ್ಲೂ ಕಾಗೆ ಹಂಚುವುದಿಲ್ಲ. ‘ಕಾ ಕಾ, ಬನ್ನಿ ಬನ್ನಿ’ ಎನ್ನುತ್ತದೆ, ಅಷ್ಟೇ.

ಈಗ ‘ಕಾಗೆ ಎಂಜಲು’. ಪೆಪ್ಪರಮಿಂಟನ್ನು ಅಂಗಿಯ ಅಂಚಿನಲ್ಲಿ ಮುಚ್ಚಿ, ಕಟ್ಟೆಂದು ಕಚ್ಚಿ ಚೂರು ಮಾಡಿ ಗೆಳೆಯರಿಗೆ ಕೊಡುವುದು. ಮಧ್ಯೆ ಬಟ್ಟೆ ಇದ್ದರೆ ಎಂಜಲಲ್ಲ ಎನ್ನುವುದು ಮಕ್ಕಳದೇ ಕಾನೂನು. ಕೆಲವರು ‘ಗುಬ್ಬಿ ಎಂಜಲು’ ಎನ್ನುವುದನ್ನೂ ಕೇಳಿದ್ದೇನೆ. ಮೊಲವೂ ಅಳಿಲೂ ಹೀಗೆ ಎಲೆ ಮುಚ್ಚಿ ಬೆಲ್ಲದ ಚೂರು ಕಚ್ಚುವ ಚಿತ್ರ ಬೇಕೇಬೇಕು ಎಂದು ನನಗೆ. ಪುಸ್ತಕದಲ್ಲಿ ‘ಎಂಜಲು’ ಎಂದರೆ ಇಂದಿನ ಅಪ್ಪ ಅಮ್ಮಂದಿರು ಮುಖ ಸಿಂಡರಿಸಬಹುದು. ಆದರೂ ಪದ ಬಿಡಲು ಮನಸ್ಸಿಲ್ಲ.

ಇನ್ನು ‘ಕೈಂಡ್‌ನೆಸ್’. ದಯೆ, ಕರುಣೆ, ಕನಿಕರ, ಎಲ್ಲವೂ ಮೇಲಿನಿಂದ ಕೆಳಕ್ಕೆ ಇಳಿಯುವಂತೆ ಕೇಳುತ್ತವೆ. ಕರಡಿ ಅಳಿಲಿಗೆ ಕನಿಕರ ತೋರಿಸಿದರೆ ಅಳಿಲು ಪಾಪದ್ದಾಗಿಬಿಡುತ್ತದೆ. ಅವರಿಬ್ಬರೂ ಗೆಳೆಯರು. ‘ಅಕ್ಕರೆ’ ಹತ್ತಿರ ಬರುತ್ತದೆ, ಆದರೆ ಅದು ನಮ್ಮವರ ಮೇಲೆ ಇರುವಂಥದ್ದು. ಗುರುತೇ ಇಲ್ಲದ ಮೊಲ ಮಳೆಯಲ್ಲಿ ನೆನೆಯುತ್ತಿದ್ದರೆ ಒಳಗೆ ಬಾ ಎನ್ನುವುದಕ್ಕೆ ಏನನ್ನೋಣ? ಸದ್ಯಕ್ಕೆ ಪದವನ್ನೇ ಬಿಟ್ಟು, ‘ಕರಡಿ ಸ್ವಲ್ಪ ಸರಿದು ಕೂತಿತು’ ಎಂದು ಬರೆದಿದ್ದೇನೆ.

ನಿಮ್ಮಲ್ಲಿ ಕೇಳಬೇಕಾದದ್ದು ಇಷ್ಟು. ನಿಮ್ಮ ಮನೆಯಲ್ಲಿ ಅಜ್ಜಿ, ಅಮ್ಮ ಮಕ್ಕಳಿಗೆ ಏನೆನ್ನುತ್ತಿದ್ದರು? ‘ತಮ್ಮಂಗೂ ಕೊಡು’, ‘ಕೂಡಿ ತಿನ್ನಿ’ ಎಂದೇ? ಬೇರೆ ಮಾತಿತ್ತೇ? ಕಾಗೆ ಎಂಜಲಿಗೆ ನಿಮ್ಮ ಕಡೆ ಏನು ಹೆಸರು? ಸರದಿ, ಪಾಳಿ ಬಿಟ್ಟು ಆಟದಲ್ಲಿ ಇನ್ಯಾವ ಪದ ಬಳಸುತ್ತಿದ್ದಿರಿ? ಯಾವ ಊರಿನ ಮಾತು ಎಂದೂ ಬರೆಯಿರಿ. ಜೋಕಾಲಿಯ ಪುಟದ ಚಿತ್ರ ಇನ್ನೂ ಶುರುವಾಗಿಲ್ಲ. ನಿಮ್ಮ ಉತ್ತರ ನೋಡಿಕೊಂಡೇ ಆ ಸಾಲು ಕೊಡುತ್ತೇನೆ.