ಪಿಚರ್ ಮಗಳಿಗೆ ಆಡಲು ಅವಕಾಶವೇ ಕಡಿಮೆ, ಏನು ಮಾಡಲಿ?

ಪ್ರಶ್ನೆ:
ಮಗಳಿಗೆ 12 ವರ್ಷ, ಸಾಫ್ಟ್‌ಬಾಲ್ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವಳು. ತಂಡದಲ್ಲಿ ಇವಳಿಗಿಂತ ಜೋರಾಗಿ ಎಸೆಯುವ ಇಬ್ಬರಿದ್ದಾರೆ, ಹಾಗಾಗಿ ಇವಳಿಗೆ ಸಿಗುವುದು ಕೊನೆಯ ಒಂದು ಇನಿಂಗ್ಸ್, ಅದೂ ಪಂದ್ಯ ಕೈತಪ್ಪಿದ ಮೇಲೆ. ಮನೆಗೆ ಬಂದರೆ ಗ್ಲೌಸ್ ಮೂಲೆಗೆ ಬಿಸಾಕಿ ಮುಖ ಊದಿಸಿಕೊಂಡು ಕೂರುತ್ತಾಳೆ. ಕೋಚ್ ಹತ್ರ ನಾನೇ ಮಾತಾಡಲಾ, ಸುಮ್ನಿರಲಾ?

ಉತ್ತರ 1:
ನೀವು ಬೇಡ, ಅವಳೇ ಕೇಳಲಿ. 'ನನ್ನನ್ನು ಯಾಕೆ ಆಡಿಸಲ್ಲ' ಅಂತಲ್ಲ, 'ಇನ್ನೂ ಏನು ಕಲಿಯಬೇಕು' ಅಂತ. ಪಂದ್ಯದ ದಿನ ಮಾತ್ರ ಬೇಡ.

ಉತ್ತರ 2:
ವೇಗದ ಹಿಂದೆ ಬೀಳಬೇಡಿ. ಚೇಂಜ್‌ಅಪ್ ಅನ್ನೋ ನಿಧಾನದ ಎಸೆತ ಕಲಿಸಿ. ತೋಳು ಫಾಸ್ಟ್‌ಬಾಲ್‌ಗೆ ತಿರುಗಿದಷ್ಟೇ ಜೋರಾಗಿ ತಿರುಗಬೇಕು, ಚೆಂಡು ಮಾತ್ರ ನಿಧಾನಕ್ಕೆ ಹೋಗಬೇಕು, ಆಗ ಬ್ಯಾಟರ್ ಮೊದಲೇ ಬೀಸಿಬಿಡುತ್ತಾಳೆ. ಜೋರಾಗಿ ಎಸೆಯುವವಳ ನಂತರ ಇಂಥವಳು ಬಂದರೆ ಎದುರಾಳಿಗೆ ನಿಜಕ್ಕೂ ತಲೆನೋವು. ಜಾಸ್ತಿ ವಾಕ್ (ಗುರಿ ತಪ್ಪಿದ ನಾಲ್ಕು ಎಸೆತಕ್ಕೆ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಫಸ್ಟ್ ಬೇಸ್) ಕೊಡದಿದ್ದರೆ ಕೋಚ್‌ಗೂ ನಂಬಿಕೆ ಬರುತ್ತೆ ಅಲ್ವಾ?

ಉತ್ತರ 3:
ಫಸ್ಟ್ ಬೇಸ್ ಅಥವಾ ಔಟ್‌ಫೀಲ್ಡ್‌ನಲ್ಲಿ ಫೀಲ್ಡಿಂಗ್ ಕೂಡ ಕಲಿಯಲಿ. ಪಿಚ್ ಮಾಡದ ದಿನವೂ ಮೈದಾನದಲ್ಲಿ ಇರಬಹುದು. ಮತ್ತೆ, ಪಂದ್ಯ ಮುಗಿಸಿ ವಾಪಸ್ ಬರುವಾಗ ದಾರಿಯುದ್ದಕ್ಕೂ ಬುದ್ಧಿ ಹೇಳಬೇಡಿ ಮಾರಾಯ್ರೇ.

ಪ್ರಶ್ನೆ ಕೇಳಿದವರು:
ಅದನ್ನೇ ಮಾಡ್ತಿದ್ದೆ! ಚೇಂಜ್‌ಅಪ್‌ಗೆ ಚೆಂಡು ಹಿಡಿಯುವುದು ಹೇಗೆ? ಅವಳ ಕೈ ಚಿಕ್ಕದು.

ಉತ್ತರ 2:
ಬೆರಳ ತುದಿಯಲ್ಲಿ ಅಲ್ಲ, ಅಂಗೈಗೆ ಒತ್ತಿ ಹಿಡಿಯಲಿ. ಚಿಕ್ಕ ಕೈಗೆ ಅದೇ ಸುಲಭ.